ಹಾಡು ನಿಮ್ದು, ಗಾಡಿ ಅವರ್ದು

ಹೋದ ಸಂಚಿಕೇಲಿ ಯಾವ್ದೋ ಬೇರೆ ಪ್ರಶ್ನೆಗೆ ಉತ್ರ ಬರೀತಾ ಬರೀತಾ, ಹಾಡುಗಾರರ ಸಿಡಿನ ನೆಟ್ಟಲ್ಲಿ ಮಾರ್ತಿದ್ದ ಅಮೆರಿಕದ ಸಿಡಿ ಬೇಬಿ ಅನ್ನೋ ಕಂಪ್ನೀನ ಒಬ್ಬ ಹಾಡುಗಾರ 500 ಡಾಲರ್ ಹಾಕಿ ಶುರು ಮಾಡ್ದ, ಹತ್ತು ವರ್ಷ ಆದ್ಮೇಲೆ 2.2 ಕೋಟಿ ಡಾಲರ್‌ಗೆ ಮಾರ್ದ ಅಂತ ಒಂದೇ ಒಂದು ಸಾಲು ಹಾಕಿದ್ದೆ. ಈ ತಿಂಗ್ಳು ಬಂದ ಪತ್ರ ಎಲ್ಲಾ ಅದರದ್ದೇ. ಸರಿ, ಬೇರೆ ಪ್ರಶ್ನೆಗಳು ಮುಂದಿನ ಸಲ ಇರ್ಲಿ, ಈ ಸಲ ಇದನ್ನೇ ಮುಗಿಸಿಬಿಡೋಣ. ಹೆಸ್ರು ಹಾಕ್ಬೇಡಿ ಅಂತ ಸುಮಾರು ಜನ ಬರ್ದಿದೀರ, ಅದಕ್ಕೇ ಊರು ಮಾತ್ರ ಹಾಕ್ತಿದೀನಿ.

ಪ್ರಶ್ನೆ (ಮೈಸೂರು): ಸರ್, ಆ ಒಂದು ಸಾಲು ಓದಿ ತಲೆ ಕೆಟ್ಟೋಯ್ತು. 500 ಡಾಲರಲ್ಲಿ ಕಂಪ್ನಿನಾ? ದುಡ್ಡು ಹಾಕ್ದೋರು ಯಾರು? ಫೋನ್ ಲೈನಲ್ಲಿ ಕುಯ್ಯೋ ಅಂತ ನೆಟ್ ಬರ್ತಿದ್ದ ಕಾಲ್ದಲ್ಲಿ ಅದು ಬೆಳೆದಿದ್ದಾದ್ರೂ ಹೇಗೆ?

ಉತ್ತರ: ದುಡ್ಡು ಹಾಕ್ದೋರು ಯಾರೂ ಇಲ್ಲ, ಮಜಾ ಇರೋದೇ ಅಲ್ಲಿ. ಆತನ ಹೆಸ್ರು ಡೆರೆಕ್ ಸಿವರ್ಸ್. ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಲ್ಲಿ ಓದಿದೋನು, ಸರ್ಕಸ್ಸಲ್ಲಿ ರಿಂಗ್‌ಮಾಸ್ಟರ್ ಕೆಲ್ಸಾನೂ ಮಾಡಿದಾನೆ, ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಅನ್ನೋ ಊರಲ್ಲಿದ್ದ. 1997ರಲ್ಲಿ ತನ್ನ ಸಿಡಿನ ನೆಟ್ಟಲ್ಲಿ ಮಾರ್ಬೇಕು ಅಂತ ಹೊರಟ. ಆನ್‌ಲೈನ್ ಅಂಗಡಿಗಳೆಲ್ಲಾ ಡಿಸ್ಟ್ರಿಬ್ಯೂಟರ್, ಅಂದ್ರೆ ಅಂಗಡಿಗಳಿಗೆ ಹಾಡು ಹಂಚೋನು, ಅವನ ಮೂಲಕ ಬಾರಪ್ಪಾ ಅಂದ್ವು, ಡಿಸ್ಟ್ರಿಬ್ಯೂಟರ್ ಹತ್ರ ಹೋಗೋಕೆ ಲೇಬಲ್, ಅಂದ್ರೆ ಹಾಡು ಹೊರಗೆ ತರೋ ಕಂಪ್ನಿ ಬೇಕು, ಇವನ ಹತ್ರ ಲೇಬಲ್ ಎಲ್ಲಿಂದ ಬರ್ಬೇಕು? ಸರಿ ನಾನೇ ಮಾರ್ತೀನಿ ಅಂತ ಕೂತ. ಆಗ ಕ್ರೆಡಿಟ್ ಕಾರ್ಡಲ್ಲಿ ದುಡ್ಡು ತಗೋಬೇಕು ಅಂದ್ರೆ ಬ್ಯಾಂಕಲ್ಲಿ ಮರ್ಚೆಂಟ್ ಅಕೌಂಟ್ ಬೇಕು, ಅದಕ್ಕೆ 1000 ಡಾಲರ್ ಖರ್ಚು, ಮೂರು ತಿಂಗ್ಳು ಓಡಾಟ, ನಿಜವಾಗ್ಲೂ ವ್ಯಾಪಾರ ಮಾಡ್ತಾನಾ ಅಂತ ನೋಡೋಕೆ ಜಾಗಕ್ಕೇ ಒಬ್ಬ ಇನ್‌ಸ್ಪೆಕ್ಟರ್ ಬರೋನು. ಅದೆಲ್ಲಾ ಆಯ್ತು, ಪುಸ್ತಕ ನೋಡ್ಕೊಂಡು ಪ್ರೋಗ್ರಾಂ ಬರ್ಯೋದು ಕಲ್ತು, ಕೊನೆಗೂ "ಖರೀದಿಸಿ" ಅನ್ನೋ ಒಂದು ಬಟನ್ ಕೆಲ್ಸ ಮಾಡ್ತು. ಅದನ್ನ ನೋಡಿದ ಗೆಳೆಯರು ನಂದೂ ಒಂದು ಸಿಡಿ ಅದರಲ್ಲೇ ಇಡೋ ಮಾರಾಯಾ ಅಂದ್ರು, ಆಮೇಲೆ ಗೆಳೆಯರ ಗೆಳೆಯರು. ಹೀಗೆ 1998ರ ಹೊತ್ತಿಗೆ ಅದಕ್ಕೆ ಸಿಡಿ ಬೇಬಿ ಅಂತ ಬೇರೆ ಹೆಸ್ರೇ ಇಡ್ಬೇಕಾಯ್ತು.

ರೇಟ್ ಫಿಕ್ಸ್ ಮಾಡಿದ ರೀತಿ ಕೇಳಿ. ಅದೇ ಊರಿನ ಸಿಡಿ ಅಂಗಡಿಗೆ ಹೋಗಿ ಕೌಂಟರಲ್ಲಿದ್ದ ಹೆಂಗಸನ್ನ, ಇಲ್ಲಿ ನಮ್ ಸಿಡಿ ಇಟ್ರೆ ಲೆಕ್ಕ ಹೇಗಮ್ಮಾ ಅಂತ ಕೇಳ್ದ. ಆಯಮ್ಮ, ಬೆಲೆ ನೀನೇ ಇಡು, ಎಷ್ಟಕ್ಕೇ ಮಾರಿದ್ರೂ ನಾವು 4 ಡಾಲರ್ ಇಟ್ಕೊಳ್ತೀವಿ, ವಾರ ವಾರ ದುಡ್ಡು ಕೊಡ್ತೀವಿ ಅಂದ್ಳು. ಮನೆಗೆ ಬಂದು ಅದನ್ನೇ ವೆಬ್‌ಸೈಟಲ್ಲಿ ಹಾಕ್ಬಿಟ್ಟ. ಒಂದು ಸಿಡಿನ ಸೈಟಿಗೆ ಹತ್ಸೋಕೆ ಮುಕ್ಕಾಲು ಗಂಟೆ ಹಿಡೀತಿತ್ತು, ಆ ಕೂಲಿ ಅಂತ 35 ಡಾಲರ್. ಮುಗೀತು ಬಿಸಿನೆಸ್ ಪ್ಲಾನ್. ಮೊದಲನೇ ತಿಂಗ್ಳು 300 ಡಾಲರ್ ಬಂತು, ಎರಡನೇ ತಿಂಗ್ಳು 700, ಅಲ್ಲಿಂದ ಮುಂದೆ ಒಂದು ತಿಂಗ್ಳೂ ನಷ್ಟ ನೋಡ್ಲಿಲ್ಲ ಅಂತಾನೆ.

ನನ್ನ ಕೇಳಿದ್ರೆ ಅದು ಬೆಳೆದಿದ್ದು ಆ "ವಾರ ವಾರ" ಅನ್ನೋ ಎರಡು ಪದದ ಮೇಲೆ. ಯಾಕೆ ಹೇಳ್ತೀನಿ ಅಂದ್ರೆ ನಾನೂ ಒಂದು ಕಾಲ್ದಲ್ಲಿ ಬೆಂಗ್ಳೂರಲ್ಲಿ ಬ್ಯಾಂಡ್ ಕಟ್ಕೊಂಡು ಬೇಸ್ ಗಿಟಾರ್ ಬಾರಿಸ್ತಿದ್ದೋನೇ, ನಾಲ್ಕು ಜನ ಚಂದಾ ಎತ್ತಿ 500 ಸಿಡಿ ಹೊಡ್ಸಿದ್ವಿ, ಒಂದು ಅಂಗಡಿಯೋರು 40 ಇಟ್ಕೊಂಡ್ರು, ಮಾರಾಟ ಆದ್ಮೇಲೆ ದುಡ್ಡು ಅಂದ್ರು. ನಾನು ಆ ಅಂಗಡಿಗೆ ಎಷ್ಟು ಸಲ ಹೋಗಿದೀನಿ ಅಂದ್ರೆ ಎದುರಿಗಿನ ಟೀ ಅಂಗಡಿಯೋನು ನನ್ನ ನೋಡಿದ ತಕ್ಷಣ ಗ್ಲಾಸ್ ಇಡೋನು. ಕಪಾಟಲ್ಲಿ ನಮ್ ಸಿಡಿ ಒಂದೂ ಇಲ್ಲ, ಕೇಳಿದ್ರೆ "ಲೆಕ್ಕ ನೋಡ್ಬೇಕು, ಮುಂದಿನ ವಾರ ಬನ್ನಿ". ಆ ಮುಂದಿನ ವಾರ ಇನ್ನೂ ಬಂದಿಲ್ಲ. ಉಳಿದ ಸಿಡಿ ಅಮ್ಮನ ಮನೆ ಅಟ್ಟದಲ್ಲಿ ಹಪ್ಪಳದ ಡಬ್ಬದ ಪಕ್ಕ ಇವೆ. ಹಾಡೋರ ದುಡ್ಡನ್ನ ಕೇಳ್ದೇನೇ ಕೊಡೋನು ಒಬ್ಬ ಬಂದ ಅಂದ್ರೆ ಜನ ಬಾಯಿಂದ ಬಾಯಿಗೆ ಹೇಳ್ದೇ ಇರ್ತಾರಾ? ಸಿವರ್ಸ್ ಹಾಕ್ಕೊಂಡಿದ್ದ ನಿಯಮ ಇನ್ನೂ ಮೂರಿತ್ತು: ಕೊಂಡ್ಕೊಂಡೋರು ಒಪ್ಪಿದ್ರೆ ಅವರ ಹೆಸ್ರು ವಿಳಾಸ ಹಾಡುಗಾರನಿಗೆ ಕೊಡೋದು, ಮಾರಾಟ ಕಮ್ಮಿ ಅಂತ ಯಾರ ಸಿಡಿನೂ ತೆಗೆದು ಹಾಕ್ದೇ ಇರೋದು, ದುಡ್ಡು ಕೊಟ್ಟೋರಿಗೆ ಮುಂದಿನ ಸಾಲಲ್ಲಿ ಜಾಗ ಕೊಡ್ದೇ ಇರೋದು.

ಇನ್ನೊಂದು ಚಿಕ್ಕ ವಿಷ್ಯ. ಸಿಡಿ ಪೋಸ್ಟ್ ಆದಾಗ ಬರೋ ಇಮೇಲ್ ಎಲ್ಲಾ ಕಡೆ ಇರೋ ಹಾಗೇ ಒಣ ಒಣ ಆಗಿತ್ತು. ಒಂದಿನ ಇಪ್ಪತ್ತು ನಿಮಿಷ ಕೂತು ಅದನ್ನ ತಮಾಷೆಗೆ ತಿದ್ದಿದ, ನಿಮ್ಮ ಸಿಡಿನ ಕ್ರಿಮಿ ಇಲ್ಲದ ಗ್ಲೌಸ್ ಹಾಕ್ಕೊಂಡು ಕಪಾಟಿಂದ ತೆಗೆದು ಸ್ಯಾಟಿನ್ ದಿಂಬಿನ ಮೇಲಿಟ್ವಿ, ಊರೆಲ್ಲಾ ಮೆರವಣಿಗೆ ಬಂದು ಬೀಳ್ಕೊಡ್ತು, ಪ್ರೈವೇಟ್ ಜೆಟ್ಟಲ್ಲಿ ಹೊರಟಿದೆ, ಅನ್ನೋ ಥರ. ಓದಿದೋರು ನಕ್ಕು ಇನ್ನೊಬ್ರಿಗೆ ಕಳ್ಸಿದ್ರು, ಅವರು ಮತ್ತೊಬ್ರಿಗೆ, ಆ ಒಂದು ಇಮೇಲಿಂದಾನೇ ಸಾವಿರಾರು ಹೊಸ ಗಿರಾಕಿ ಬಂದ್ರು. ಒಂದು ಪೈಸೆ ಜಾಹೀರಾತಿಲ್ಲ. ಹಾಡುಗಾರರು ಏನಾದ್ರೂ ಸ್ಪೆಷಲ್ ಸಹಾಯ ಕೇಳಿದ್ರೆ, ನಮ್ ಹುಡುಗ್ರಿಗೆ ಒಂದು ಪಿಜ್ಜಾ ಕಳ್ಸಿ ಮಾಡ್ಕೊಡ್ತೀವಿ ಅನ್ನೋರಂತೆ, ಪಿಜ್ಜಾ ಬಂದ್ರೆ ನಿಜಕ್ಕೂ ಮಾಡ್ಕೊಡೋರು.

ಆಮೇಲೆ ಕಂಪ್ನಿ ಪಶ್ಚಿಮದ ಆರಿಗನ್ ರಾಜ್ಯದ ಪೋರ್ಟ್‌ಲ್ಯಾಂಡಿಗೆ ಹೋಯ್ತು. ಎಂಟು ಜನ ಇದ್ದಾಗ ಬೆಳಿಗ್ಗೆಯಿಂದ ರಾತ್ರಿವರೆಗೂ ಪ್ರತಿಯೊಬ್ರೂ ಇವನ್ನೇ ಕೇಳೋರು, ಸಿಡಿ ವಾಪಸ್ ಬಂದ್ರೆ ಏನ್ಮಾಡೋದು, ದುಡ್ಡು ವಾಪಸ್ ಕೊಡೋದಾ ಅಂತ. ಇವನಿಗೆ ಸಾಕಾಗಿ ಹೋಯ್ತು. ಆಗ ಯಾರೇ ಒಂದು ಪ್ರಶ್ನೆ ಕೇಳಿದ್ರೂ ಎಲ್ಲರನ್ನೂ ಗುಡ್ಡೆ ಹಾಕಿ, ಉತ್ರ ಒಂದೇ ಸಲ ಹೇಳಿ, ಯಾಕೆ ಅನ್ನೋದನ್ನೂ ಹೇಳಿ, ಒಬ್ರ ಕೈಲಿ ಬರೆಸಿಡೋಕೆ ಶುರು ಮಾಡ್ದ. ನಾಲ್ಕು ವರ್ಷದಲ್ಲಿ ಎಂಟು ಜನ 85 ಆದ್ರು, ವಹಿವಾಟು 10 ಲಕ್ಷ ಡಾಲರಿಂದ 2 ಕೋಟಿ ಡಾಲರಿಗೆ ಹೋಯ್ತು, ಅಷ್ಟೊತ್ತಿಗೆ ಇವನು ಆಫೀಸಿಗೆ ಹೋಗೋದನ್ನೇ ಬಿಟ್ಟಿದ್ದ.

ಪ್ರಶ್ನೆ (ಬೆಂಗಳೂರು): ಸಿಡಿ ಮಾರೋ ಅಂಗಡಿ ಡಿಜಿಟಲ್ ಕಂಪ್ನಿ ಆಗಿದ್ದು ಯಾವಾಗ? ಸ್ಟೀವ್ ಜಾಬ್ಸ್ ಜೊತೆ ಏನೋ ಜಗಳ ಆಯ್ತು ಅಂತ ಕೇಳಿದೀನಿ, ನಿಜಾನಾ?

ಉತ್ತರ: ಜಗಳ ಅಲ್ಲ, ಒಂದು ಥರ ಮುಖಭಂಗ. ಆಪಲ್ ಐಟ್ಯೂನ್ಸ್ ಸ್ಟೋರ್ ಬಾಗ್ಲು ತೆಗೆದಿದ್ದು 28 ಏಪ್ರಿಲ್ 2003ಕ್ಕೆ, ಒಂದು ಹಾಡಿಗೆ 99 ಸೆಂಟ್. ಮುಂದಿನ ತಿಂಗಳೇ ಸಣ್ಣ ಲೇಬಲ್‌ನೋರು, ಡಿಸ್ಟ್ರಿಬ್ಯೂಟರ್‌ಗಳನ್ನ ಕ್ಯುಪರ್ಟಿನೋದಲ್ಲಿರೋ ಆಪಲ್ ಆಫೀಸಿಗೆ ಕರೆದ್ರು. ಯಾರೋ ಕೆಳಗಿನ ಅಧಿಕಾರಿ ಮಾತಾಡ್ತಾನೆ ಅಂತ ಕೂತಿದ್ರೆ ಜಾಬ್ಸೇ ಬಂದು, ನಿಮ್ಮ ಹತ್ರ ಇರೋ ಹಾಡೆಲ್ಲಾ ಕೊಡಿ, ಮಾರಾಟ ಆಗಲ್ಲ ಅಂತ ಮೂಲೇಲಿ ಬಿದ್ದಿರೋವೂ ಸೇರಿ ಅಂದ. ಸಮಸ್ಯೆ ಏನಪ್ಪಾ ಅಂದ್ರೆ ಆಪಲ್ ಕೊಟ್ಟ ಸಾಫ್ಟ್‌ವೇರಲ್ಲಿ ಒಂದೊಂದೇ ಸಿಡಿನ ಮ್ಯಾಕ್ ಕಂಪ್ಯೂಟರಿಗೆ ಹಾಕಿ, ಹಾಡಿನ ಹೆಸ್ರು, ಹಾಡ್ದೋರ ಪರಿಚಯ ಎಲ್ಲಾ ಕೈಯಲ್ಲೇ ಟೈಪ್ ಮಾಡ್ಬೇಕು. ಸಾವಿರಾರು ಸಿಡಿ! ಅದಕ್ಕೆ ಸಿವರ್ಸ್ ಒಂದು ಆಲ್ಬಮ್‌ಗೆ 40 ಡಾಲರ್ ಅಂತ ಇಟ್ಟ, 5000 ಜನ ಕಟ್ಟಿದ್ರು. 2 ಲಕ್ಷ ಡಾಲರ್ ಕೈಗೆ ಬಂತು.

ಆದ್ರೆ ಆಪಲ್ ಕಡೆಯಿಂದ ಅಗ್ರಿಮೆಂಟ್ ಪೇಪರೇ ಬರ್ಲಿಲ್ಲ. ಮೇ ಹೋಯ್ತು, ಜೂನ್ ಹೋಯ್ತು, ಮಳೆಗಾಲ ಮುಗೀತು, ರಾಪ್ಸೊಡಿ, ನ್ಯಾಪ್‌ಸ್ಟರ್ ಥರದ ಬೇರೆ ಸ್ಟೋರುಗಳಿಗೆಲ್ಲಾ ಹಾಡು ಹೋದ್ವು, ಐಟ್ಯೂನ್ಸಿಗೆ ಮಾತ್ರ ಇಲ್ಲ. ದುಡ್ಡು ಕಟ್ಟಿದೋರು ದಿನಾ ಕೇಳೋಕೆ ಶುರು. ಅಕ್ಟೋಬರಲ್ಲಿ ಜಾಬ್ಸ್ ವಿಂಡೋಸ್‌ಗೆ ಐಟ್ಯೂನ್ಸ್ ಬಿಡುಗಡೆ ಮಾಡೋ ಭಾಷಣದಲ್ಲಿ, 40 ಡಾಲರ್ ಕಟ್ಟಿ ಯಾರ್ ಬೇಕಾದ್ರೂ ಹಾಡು ಸೇರಿಸೋ ವ್ಯವಸ್ಥೆ ಕೆಲವು ಕಡೆ ಇದೆ, ನಾವು ಹಾಗೆ ಕಂಡಕಂಡಿದ್ದನ್ನೆಲ್ಲಾ ತಗೊಳ್ಳಲ್ಲ ಅನ್ನೋ ಅರ್ಥದಲ್ಲಿ ಕುಟುಕಿದ. 40 ಡಾಲರ್ ಅಂದ್ರೆ ಯಾರಿಗೆ ಹೇಳಿದ್ದು ಅಂತ ಗೊತ್ತಾಗಲ್ವಾ? ಸಿವರ್ಸ್ ಕೂತಲ್ಲೇ ಬೆವೆತು, 5000 ಜನಕ್ಕೂ 40 ಡಾಲರ್ ವಾಪಸ್ ಕೊಟ್ಟ, ಪೂರ್ತಿ 2 ಲಕ್ಷ. ನನ್ನ ಕೈಲಿಲ್ದಿದ್ದನ್ನ ಕೊಡ್ತೀನಿ ಅಂತ ಇನ್ಮೇಲೆ ಯಾರಿಗೂ ಮಾತು ಕೊಡಲ್ಲ ಅಂತ ಸೈಟಲ್ಲೇ ಬರ್ದ. ಮಾರನೇ ದಿನ ಆಪಲ್ ಅಗ್ರಿಮೆಂಟ್ ಬಂತು, ಇದು ಅವನೇ ಹೇಳ್ಕೊಳ್ಳೋ ಕಥೆ. ಅಲ್ಲಿಂದ ಡಿಜಿಟಲ್‌ಗೆ ಕಳ್ಸೋಕೆ ಬೇರೆ ಫೀಸ್ ಇಲ್ಲ, ಬಂದ ದುಡ್ಡಲ್ಲಿ ನೂರಕ್ಕೆ 9 ಕಂಪ್ನಿಗೆ, 91 ಹಾಡುಗಾರನಿಗೆ ಅಂತ ಮಾಡ್ದ. ಸಿಡಿ ಅಂಗಡಿ ಡಿಸ್ಟ್ರಿಬ್ಯೂಷನ್ ಕಂಪ್ನಿ ಆಗಿದ್ದು ಆ ಶೇಕಡಾ 9ರಿಂದ.

ಪ್ರಶ್ನೆ (ಧಾರವಾಡ ಹತ್ತಿರದ ಹಳ್ಳಿ): ಸರ, ನಮ್ಮ ಅಪ್ಪಾರು ಭಜನಿ ಹಾಡ್ತಾರ, ಹೆಚ್ಚಾಗಿ ಶರೀಫ ಸಾಹೇಬ್ರ ಪದ. ಹುಬ್ಬಳ್ಳಿ ಸ್ಟುಡಿಯೋದಾಗ ಎಂಟು ಪದ ರೆಕಾರ್ಡ್ ಮಾಡ್ಸೇವಿ. ಒಬ್ಬಾಂವ ಬಂದು, ಐದು ಸಾವಿರ ಕೊಡ್ತೇನಿ, ಎಲ್ಲಾ ನನ್ನ ಹೆಸರಿಗೆ ಬರದ ಕೊಡ್ರಿ, ಜಗತ್ತಿನ ತುಂಬ ಹಾಕ್ತೇನಿ ಅಂತಾನ. ಅಪ್ಪಾರು ಬಾಂಡ್ ಪೇಪರ್ ಕಂಡ್ರನ ಹೆದರ್ತಾರ. ಕೊಡೂದೋ ಬ್ಯಾಡೋ?

ಉತ್ತರ: ಬ್ಯಾಡ. ಸಹಿ ಹಾಕ್ಬೇಡಿ, ಟೀ ಕುಡಿಸಿ ಕಳ್ಸಿ.

ಆತ ಮಾಡ್ತೀನಿ ಅಂತಿರೋದು ಲಾರಿ ಸರ್ವೀಸಿನ ಕೆಲ್ಸ, ಕೇಳ್ತಿರೋದು ಹೊಲದ ಪಹಣಿ. ನಿಮ್ಮ ಮೆಣಸಿನಕಾಯಿನ ಬ್ಯಾಡಗಿ ಮಾರ್ಕೆಟ್ಟಿಗೆ ಒಯ್ಯೋ ಲಾರಿಯೋನು ಹೊಲ ಬರ್ಕೊಡಿ ಅಂದ್ರೆ ಕೊಡ್ತೀರಾ? ಕ್ಯಾಸೆಟ್ ಕಾಲದಲ್ಲಿ ಹಾಗೇ ನಡೀತಿತ್ತು, ಸ್ಟುಡಿಯೋ ಖರ್ಚು, ಕ್ಯಾಸೆಟ್ ಹೊಡೆಸೋ ಖರ್ಚು, ಅಂಗಡಿಗೆ ಹಂಚೋ ಖರ್ಚು ಎಲ್ಲಾ ಕಂಪ್ನೀದು, ಹಾಡ್ದೋರಿಗೆ ಒಂದ್ಸಲ ಏನೋ ಕೈಗಿಟ್ಟು ಪೂರ್ತಿ ಬರೆಸ್ಕೊಳ್ತಿದ್ರು. ಈಗ ಸ್ಟುಡಿಯೋ ಖರ್ಚು ನೀವೇ ಹಾಕಿದೀರಿ, ಕ್ಯಾಸೆಟ್ ಅಂತ ಏನೂ ಇಲ್ಲ. ಅಂದ್ಮೇಲೆ ಆತ ಬರೆಸ್ಕೊಳ್ಳೋದು ಯಾತಕ್ಕೆ?

ಡಿಸ್ಟ್ರಿಬ್ಯೂಟರ್ ಕಂಪ್ನಿಗಳಲ್ಲಿ ರೆಕಾರ್ಡಿಂಗ್ ನಿಮ್ಮ ಹೆಸರಲ್ಲೇ ಇರುತ್ತೆ, ಅವರು ಸ್ಪಾಟಿಫೈ, ಐಟ್ಯೂನ್ಸ್ ಥರದ ಸ್ಟೋರುಗಳಿಗೆ ಮುಟ್ಟಿಸ್ತಾರೆ, ದುಡ್ಡು ವಸೂಲಿ ಮಾಡಿ ಕೊಡ್ತಾರೆ. ಲೆಕ್ಕ ಮೂರು ಥರ ಇದೆ. ಸಿಡಿ ಬೇಬಿದು ಮಂಡಿ ದಲಾಲಿ ಥರ, ಸೇರುವಾಗ ಒಂದ್ಸಲ ಫೀಸ್, ಆಮೇಲೆ ನೂರಕ್ಕೆ 9. ಡಿಸ್ಟ್ರೋಕಿಡ್ ಅಂತ 2013ರಲ್ಲಿ ಫಿಲಿಪ್ ಕಪ್ಲನ್ ಶುರು ಮಾಡಿದ್ದು ಖಾನಾವಳಿ ಪಾಸ್ ಥರ, ವರ್ಷಕ್ಕಿಷ್ಟು ಅಂತ ಕಟ್ಟಿ ಎಷ್ಟು ಹಾಡು ಬೇಕಾದ್ರೂ ಹಾಕಿ, ಕಮಿಷನ್ ಇಲ್ಲ. 2021ರಲ್ಲಿ ಅದರ ಬೆಲೆ 130 ಕೋಟಿ ಡಾಲರ್ ಅಂತ ಕಟ್ಟಿದ್ರು, ಅಂದ್ರೆ ಪಾಸ್ ಮಾರೋದು ದಲಾಲಿಗಿಂತ ಲಾಭ! ಆದ್ರೆ ಒಂದು ವರ್ಷ ಕಟ್ಟೋದು ಮರ್ತ್ರೆ ಹಾಡು ಸ್ಟೋರಿಂದ ಇಳಿದು ಹೋಗ್ಬಹುದು, ಇಳೀಬಾರ್ದು ಅಂದ್ರೆ ಅದಕ್ಕೆ ಬೇರೆ ದುಡ್ಡು. ಮೂರನೇದು ಮುಂಚೆ ಏನೂ ತಗೊಳ್ಳದೆ ಬಂದಿದ್ರಲ್ಲಿ ಪಾಲು ಹಿಡ್ಕೊಳ್ಳೋದು. ನಿಮ್ದು ಎಂಟೇ ಪದ, ವರ್ಷಾ ವರ್ಷಾ ನೆನಪಿಟ್ಟು ಕಟ್ಟೋ ಜನ ಅಲ್ಲ ನೀವು, ಒಂದ್ಸಲ ಕಟ್ಟೋದೋ ಪಾಲು ಕೊಡೋದೋ ವಾಸಿ.

ಇನ್ನೊಂದು ಮಾತು, ಇದನ್ನ ಅಪ್ಪಾರಿಗೂ ಹೇಳಿ. ಶಿಶುನಾಳ ಶರೀಫರು ಹೋಗಿದ್ದು 1889ರಲ್ಲಿ, ಪದಗಳು ಎಲ್ಲರ ಸೊತ್ತು, ಯಾರ ಅಪ್ಪಣೆಯೂ ಬೇಡ. ಆದ್ರೆ ಧಾಟಿ ಯಾರ್ದು? ಭಜನಿ ಮೇಳದಲ್ಲಿ ತಲೆತಲಾಂತರದಿಂದ ಬಂದ ಧಾಟಿ ಆದ್ರೆ ತೊಂದ್ರೆ ಇಲ್ಲ. ಸಿ. ಅಶ್ವತ್ಥ್ ಹಾಕಿದ ರಾಗ ಆದ್ರೆ ಅದಕ್ಕೆ ಕಾಪಿರೈಟ್ ಇದೆ, ಅವರು ತೀರ್ಕೊಂಡಿದ್ದು 2009ರಲ್ಲಿ, ನಮ್ಮ ಕಾನೂನಿನ ಪ್ರಕಾರ ಮುಂದಿನ 60 ವರ್ಷ, ಅಂದ್ರೆ 2069 ಮುಗಿಯೋವರೆಗೂ ಲೈಸೆನ್ಸ್ ಬೇಕು. ಬಹಳ ಜನಕ್ಕೆ ಈ ಎರಡರ ನಡುವಿನ ಗೆರೆನೇ ಗೊತ್ತಿಲ್ಲ, ಕ್ಯಾಸೆಟ್ ಕೇಳಿ ಕೇಳಿ ಅದೇ ಮೂಲ ಧಾಟಿ ಅಂದ್ಕೊಂಡಿರ್ತಾರೆ. ಬೇಂದ್ರೆ ಅಜ್ಜಾರ ಪದ್ಯ ಸೇರಿಸೋ ಯೋಚ್ನೆ ಇದ್ರೆ ಅದೂ ಹಂಗೇ, ಅವರು ಹೋಗಿದ್ದು 1981, ಹಾಗಾಗಿ 2041ರವರೆಗೆ ಪದಕ್ಕೇ ಅನುಮತಿ ಬೇಕು.

ಮತ್ತೆ ಪ್ರತಿ ಹಾಡಿಗೂ ಒಂದು 12 ಅಕ್ಷರ ಅಂಕಿಯ ನಂಬರ್ ಬರುತ್ತೆ, ಐಎಸ್‌ಆರ್‌ಸಿ ಅಂತಾರೆ, ದನದ ಕಿವಿಗೆ ಹಾಕೋ ಓಲೆ ಇದ್ದಂಗೆ. ಅದನ್ನ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ, ಮುಂದೆ ಬೇರೆ ಕಂಪ್ನಿಗೆ ಹೋದ್ರೂ ಅದೇ ನಂಬರ್ ಕೊಡಿ, ಇಲ್ಲಾಂದ್ರೆ ಇಲ್ಲಿವರೆಗೆ ಕೇಳಿದ ಲೆಕ್ಕ ಎಲ್ಲಾ ಸೊನ್ನೆಯಿಂದ ಶುರು.

ಪ್ರಶ್ನೆ (ತುಮಕೂರು): ಈ ಮಧ್ಯದೋರೆಲ್ಲಾ ಯಾಕೆ ಬೇಕು? ಯೂಟ್ಯೂಬಿಗೆ ಹಾಕೋ ಹಾಗೆ ಸ್ಪಾಟಿಫೈಗೂ ನಾವೇ ಹಾಕೋಕೆ ಆಗಲ್ವಾ?

ಉತ್ತರ: 2018ರಲ್ಲಿ ಸ್ಪಾಟಿಫೈ ಅದನ್ನ ಟ್ರೈ ಮಾಡ್ತು, ಕೆಲವು ಕಲಾವಿದರಿಗೆ ನೇರ ಅಪ್‌ಲೋಡ್ ಕೊಡ್ತು, 2019ರ ಜುಲೈಗೆ ಬಾಗ್ಲು ಹಾಕ್ತು. ಹೆಸ್ರು ತಪ್ಪು, ಕದ್ದ ಹಾಡು, ದುಡ್ಡಿನ ತಕರಾರು, ಈ ತಲೆನೋವೆಲ್ಲಾ ಡಿಸ್ಟ್ರಿಬ್ಯೂಟರ್ ತಲೆ ಮೇಲಿದ್ರೆ ಅವರಿಗೂ ಆರಾಮ. ಸದ್ಯಕ್ಕೆ ಗಾಡಿ ಹತ್ಲೇಬೇಕು.

ಪ್ರಶ್ನೆ (ಮಂಡ್ಯ): ಅಣ್ಣಾ, ನನ್ ಹಾಡು ಮೂರು ತಿಂಗ್ಳಲ್ಲಿ 40 ಸಾವಿರ ಸಲ ಪ್ಲೇ ಆಗಿದೆ, ರೀಲ್ಸಲ್ಲೂ ಓಡ್ತಿದೆ. ಅಕೌಂಟಿಗೆ ಒಂದು ರೂಪಾಯಿ ಬಂದಿಲ್ಲ. ಕಂಪ್ನಿ ಮೋಸ ಮಾಡ್ತಿದ್ಯಾ?

ಉತ್ತರ: ತಮ್ಮಾ, ಮೋಸ ಅಂತ ಈಗ್ಲೇ ಹೇಳ್ಬೇಡ. ಸ್ಟೋರು ಲೆಕ್ಕ ಮಾಡಿ ಡಿಸ್ಟ್ರಿಬ್ಯೂಟರಿಗೆ ಕೊಡೋಕೇ ಎರಡು ಮೂರು ತಿಂಗ್ಳು ಹಿಡಿಯುತ್ತೆ, ಸಂಕ್ರಾಂತೀಲಿ ಅರೆದ ಕಬ್ಬಿನ ದುಡ್ಡು ಯಾವಾಗ ಬರುತ್ತೆ ಅಂತ ಮಂಡ್ಯದೋನಿಗೆ ನಾನು ಹೇಳ್ಬೇಕಾ. ಆಮೇಲೆ ಒಂದು ಪ್ಲೇಗೆ ಇಷ್ಟು ಅಂತ ರೇಟ್ ಯಾರೂ ಇಟ್ಟಿಲ್ಲ. ಸ್ಪಾಟಿಫೈ ಥರದ ಕಡೆ ಒಂದು ದೇಶದಲ್ಲಿ ಆ ತಿಂಗ್ಳು ಬಂದ ಚಂದಾ, ಜಾಹೀರಾತಿನ ದುಡ್ಡು ಎಲ್ಲಾ ಒಂದು ಗುಡ್ಡೆ ಹಾಕಿ, ಅದರಲ್ಲಿ ಸುಮಾರು ಮೂರನೇ ಎರಡು ಭಾಗನ ಹಾಡಿನ ಹಕ್ಕುದಾರರಿಗೆ ಒಟ್ಟು ಪ್ಲೇ ಲೆಕ್ಕದಲ್ಲಿ ಹಂಚ್ತಾರೆ. ನಮ್ ದೇಶದಲ್ಲಿ ಚಂದಾ ಕಟ್ಟಿ ಕೇಳೋರು ಕಮ್ಮಿ, ಪುಕ್ಸಟ್ಟೆ ಕೇಳೋರು ಜಾಸ್ತಿ, ಹಾಗಾಗಿ ಗುಡ್ಡೆನೇ ಚಿಕ್ಕದು. ಅಮೆರಿಕದಲ್ಲಿ ಕೂತಿರೋ ನಿನ್ನ ಚಿಕ್ಕಪ್ಪನ ಮಗ ದುಡ್ಡು ಕಟ್ಟಿ ಒಂದ್ಸಲ ಕೇಳಿದ್ರೆ ಇಲ್ಲಿನ ಎಷ್ಟೋ ಪ್ಲೇಗೆ ಸಮ. ಜೊತೆಗೆ 2024ರಿಂದ, ಹನ್ನೆರಡು ತಿಂಗ್ಳಲ್ಲಿ 1000 ಸಲ ಪ್ಲೇ ಆಗದ ಹಾಡಿಗೆ ಸ್ಪಾಟಿಫೈ ಏನೂ ಕೊಡಲ್ಲ, ನಿಂದು ಅದನ್ನ ದಾಟಿದೆ ಬಿಡು, ಆದ್ರೆ 40 ಸಾವಿರ ಅನ್ನೋದು ಎಲ್ಲಾ ಸ್ಟೋರು ಸೇರಿಸಿದ ಲೆಕ್ಕನಾ ಅಂತ ನೋಡ್ಕೋ.

ರೀಲ್ಸ್ ಮೇಲೆ ಆಸೆ ಇಟ್ಕೋಬೇಡ, ಅಲ್ಲಿಂದ ಬರೋದು ಹೆಸ್ರು.

ನೋಡ್ಬೇಕಾದ್ದು ಎರಡಿದೆ. ಒಂದು, ಕಂಪ್ನಿ ಡ್ಯಾಶ್‌ಬೋರ್ಡಲ್ಲಿ ಇಷ್ಟು ದುಡ್ಡು ಜಮಾ ಆಗೋವರೆಗೂ ಕಳ್ಸಲ್ಲ ಅನ್ನೋ ಮಿತಿ ಇರುತ್ತೆ, ಅದನ್ನ ಮುಟ್ಟಿಲ್ಲ ಅಂದ್ರೆ ಅಲ್ಲೇ ಕೂತಿರುತ್ತೆ. ಎರಡು, ಕಂಪ್ನಿ ಅಮೆರಿಕದ್ದಾದ್ರೆ ಟ್ಯಾಕ್ಸ್ ಫಾರಂ ತುಂಬಿದ್ಯಾ? ಡಬ್ಲ್ಯೂ-8ಬೆನ್ ಅಂತ ಒಂದಿದೆ, ಪ್ಯಾನ್ ನಂಬರ್ ಹಾಕಿ ತುಂಬ್ಬೇಕು. ತುಂಬಿಲ್ಲ ಅಂದ್ರೆ ಅಮೆರಿಕದಲ್ಲಿ ಹುಟ್ಟಿದ ರಾಯಲ್ಟಿಗೆ ಶೇಕಡಾ 30 ಹಿಡ್ಕೊಳ್ತಾರೆ, ತುಂಬಿದ್ರೆ ನಮ್ಮೆರಡು ದೇಶದ ಒಪ್ಪಂದದ ಪ್ರಕಾರ 15. ನನ್ನ ಗೆಳೆಯ ಒಬ್ಬ ಆ ಫಾರಂ ಇಂಗ್ಲಿಷ್ ನೋಡಿ ಆಮೇಲೆ ತುಂಬಿದ್ರಾಯ್ತು ಅಂತ ಬಿಟ್ಟೋನು ಒಂದೂವರೆ ವರ್ಷ ಹಾಗೇ ಇದ್ದ, ಕೊನೆಗೆ ಅವನ ಮಗಳು ಪಿಯುಸಿ ಓದೋಳು ಹತ್ತು ನಿಮಿಷದಲ್ಲಿ ತುಂಬಿದ್ಳು.

ಇನ್ನು ಹಾಡು ಬರ್ದೋರು, ರಾಗ ಹಾಕಿದೋರು ಯಾರು? ನೀನೇ ಆಗಿದ್ರೆ ಐಪಿಆರ್‌ಎಸ್‌ಗೆ, ಅಂದ್ರೆ ಹಾಡು ಬರೆದೋರ, ರಾಗ ಹಾಕಿದೋರ ರಾಯಲ್ಟಿ ವಸೂಲಿ ಮಾಡಿ ಕೊಡೋ ಸಂಘಕ್ಕೆ ಮೆಂಬರ್ ಆಗು. ಡಿಸ್ಟ್ರಿಬ್ಯೂಟರ್ ತರೋದು ರೆಕಾರ್ಡಿಂಗಿನ ದುಡ್ಡು ಮಾತ್ರ, ಸಾಹಿತ್ಯ ಸಂಗೀತದ ರಾಯಲ್ಟಿ ಬೇರೆ ದಾರೀಲಿ ಬರುತ್ತೆ. 2012ರ ಕಾಪಿರೈಟ್ ತಿದ್ದುಪಡಿ ಆದ್ಮೇಲೆ ಬರೆದೋರು, ರಾಗ ಹಾಕಿದೋರು ಆ ರಾಯಲ್ಟಿ ಪಾಲನ್ನ ಲೇಬಲ್‌ಗೆ ಬರ್ಕೊಟ್ಟು ಕೈ ತೊಳ್ಕೊಳ್ಳೋಕೆ ಬರಲ್ಲ, ಕಾನೂನೇ ತಡೆಯುತ್ತೆ. ಒಳ್ಳೇ ಕಾನೂನು, ಆದ್ರೆ ಹೆಸ್ರು ನೋಂದಾಯಿಸಿದೋರಿಗೆ ಮಾತ್ರ ದುಡ್ಡು ಹುಡುಕ್ಕೊಂಡು ಬರುತ್ತೆ.

ಪ್ರಶ್ನೆ (ನ್ಯೂಜೆರ್ಸಿ, ಅಮೆರಿಕ): ಸಿಡಿ ಬೇಬಿ ಕೊಂಡ್ಕೊಂಡ ಡಿಸ್ಕ್ ಮೇಕರ್ಸ್ ಕಂಪ್ನಿ ನಮ್ ಮನೆಯಿಂದ ಅರ್ಧ ಗಂಟೆ ದಾರಿ, ಆ ಬೋರ್ಡ್ ನೋಡ್ಕೊಂಡೇ ಓಡಾಡ್ತೀನಿ. ಈಗ್ಲೂ ಅದನ್ನ ಸ್ವತಂತ್ರ ಕಂಪ್ನಿ ಅಂತಾರಾ? ಸಿವರ್ಸ್ ಯಾಕೆ ಮಾರ್ದ, ಆ ದುಡ್ಡು ಏನ್ಮಾಡ್ದ?

ಉತ್ತರ: ಪೆನ್‌ಸಾಕನ್ ಕಡೆಯೋರು ನೀವು ಹಾಗಿದ್ರೆ. ಡಿಸ್ಕ್ ಮೇಕರ್ಸ್ 1946ರಿಂದ ಇರೋ ಹಳೇ ಕಂಪ್ನಿ, ಹಾಡುಗಾರರಿಗೆ ಡಿಸ್ಕ್ ಹೊಡ್ಕೊಡೋದು ಅದರ ಕಸುಬು, ಹೊಡ್ಸಿದ ಸಿಡಿ ಮಾರೋದು ಸಿಡಿ ಬೇಬಿ ಕಸುಬು, ಹಾಗಾಗಿ ಬೀಗರಾಗೋಕೆ ಸರಿಯಾದ ಮನೆ. 2008ರಲ್ಲಿ ಮಾರಿದ್ದು, 2.2 ಕೋಟಿ ಡಾಲರ್. ಅಷ್ಟೊತ್ತಿಗೆ ಒಂದೂವರೆ ಲಕ್ಷ ಹಾಡುಗಾರರು, ಒಟ್ಟು 10 ಕೋಟಿ ಡಾಲರ್ ಮಾರಾಟ. ಸಿವರ್ಸ್‌ಗೆ ಕಂಪ್ನಿ ಬೇಜಾರಾಗಿತ್ತು ಅಷ್ಟೇ, ಕೆಲ್ಸಗಾರರ ಜೊತೆನೂ ಮನಸ್ತಾಪ ಆಗಿತ್ತು, ಇನ್ನು ನನ್ ಕೈಲಿ ಇದನ್ನ ದೊಡ್ಡದು ಮಾಡೋಕೆ ಮನಸ್ಸಿಲ್ಲ ಅಂದ. ಮಾರೋಕೆ ಮುಂಚೆನೇ ಕಂಪ್ನೀನ ಒಂದು ಟ್ರಸ್ಟಿಗೆ ಬರ್ದಿದ್ದ. ಅವನು ಇರೋವರೆಗೂ ವರ್ಷಕ್ಕೆ ಶೇಕಡಾ 5 ಅವನಿಗೆ, ಹೋದ್ಮೇಲೆ ಪೂರ್ತಿ ಸಂಗೀತ ಕಲಿಯೋರಿಗೆ. ಇದನ್ನ ಓದಿದಾಗ ಟ್ಯಾಕ್ಸ್ ಉಳಿಸೋ ಉಪಾಯ ಇರ್ಬೇಕು ಅಂತ ನಾನೂ ಮೂಗು ಮುರಿದಿದ್ದೆ, ಟ್ಯಾಕ್ಸೂ ಉಳೀತು ಅಂತ ಅವನೇ ಒಪ್ಕೊಳ್ತಾನೆ, ಆದ್ರೂ ಅಸಲು ಮತ್ತೆ ಕೈಗೆ ಬರದ ಹಾಗೆ ಬರ್ಕೊಡೋಕೆ ಎದೆ ಬೇಕು ಬಿಡಿ.

ಇನ್ನು ಸ್ವತಂತ್ರನಾ ಅನ್ನೋದು. 2019ರಲ್ಲಿ ಡೌನ್‌ಟೌನ್ ಅನ್ನೋ ನ್ಯೂಯಾರ್ಕ್ ಕಂಪ್ನಿ ಇದನ್ನ ಜೊತೆಗಿರೋ ಕಂಪ್ನಿಗಳ ಸಮೇತ ಸುಮಾರು 20 ಕೋಟಿ ಡಾಲರ್‌ಗೆ ತಗೊಂಡ್ತು. 2020ರ ಮಾರ್ಚಲ್ಲಿ ಆ ಹಳೇ ಸಿಡಿ ಅಂಗಡಿ, ಅಂದ್ರೆ ಸ್ಯಾಟಿನ್ ದಿಂಬಿನ ಇಮೇಲ್ ಕಳಿಸ್ತಿದ್ದ ಅಂಗಡಿ, ಮುಚ್ಚಿ ಹೋಯ್ತು, ಹಂಚೋ ಕೆಲ್ಸ ಮಾತ್ರ ಉಳೀತು. 2024ರ ಡಿಸೆಂಬರಲ್ಲಿ ಯೂನಿವರ್ಸಲ್ ಮ್ಯೂಸಿಕ್, ಜಗತ್ತಿನ ಅತಿ ದೊಡ್ಡ ಮ್ಯೂಸಿಕ್ ಕಂಪ್ನಿ, ತನ್ನ ವರ್ಜಿನ್ ಶಾಖೆ ಮೂಲಕ ಡೌನ್‌ಟೌನ್‌ನೇ 77.5 ಕೋಟಿ ಡಾಲರ್‌ಗೆ ಕೊಳ್ತೀನಿ ಅಂತ ಪ್ರಕಟಿಸ್ತು. ಯೂರೋಪಿನ ಸಣ್ಣ ಲೇಬಲ್‌ಗಳೆಲ್ಲಾ ಬೊಬ್ಬೆ ಹೊಡೆದ್ವು, 2025ರ ಜುಲೈನಲ್ಲಿ ಯೂರೋಪಿಯನ್ ಕಮಿಷನ್ ಪೂರ್ಣ ತನಿಖೆಗೆ ಇಳೀತು. ಅವರ ಚಿಂತೆ ಕೇಳಿದ್ರೆ ನಿಮಗೇ ಅರ್ಥ ಆಗುತ್ತೆ: ಆಗ ಡೌನ್‌ಟೌನ್ ಹತ್ರ ಕರ್ವ್ ಅಂತ ಒಂದು ರಾಯಲ್ಟಿ ಲೆಕ್ಕದ ಸಾಫ್ಟ್‌ವೇರ್ ಇತ್ತು, ಎಷ್ಟೋ ಸಣ್ಣ ಲೇಬಲ್‌ಗಳು ಅದರಲ್ಲೇ ಲೆಕ್ಕ ಬರೀತಿದ್ವು. ಎದುರಂಗಡಿ ಸಾಹುಕಾರನ ಕೈಗೆ ನಿಮ್ಮ ಖಾತೆ ಪುಸ್ತಕ ಹೋದ ಹಾಗಾಯ್ತಲ್ಲ.

ಇವರೊಬ್ರೇ ಅಲ್ಲ. 1997ರಲ್ಲಿ ನ್ಯೂಯಾರ್ಕಲ್ಲಿ ಹುಟ್ಟಿದ ದಿ ಆರ್ಚರ್ಡ್ ಅನ್ನೋ ಡಿಸ್ಟ್ರಿಬ್ಯೂಟರ್ 2015ಕ್ಕೆ ಪೂರ್ತಿ ಸೋನಿ ಪಾಲಾಯ್ತು, ಅದೇ ವರ್ಷ ಟ್ಯೂನ್‌ಕೋರ್ ಅನ್ನೋ ಇನ್ನೊಂದು ಡಿಸ್ಟ್ರಿಬ್ಯೂಟರನ್ನ ಪ್ಯಾರಿಸ್ಸಿನ ಬಿಲೀವ್ ಕಂಪ್ನಿ ತಗೊಂಡ್ತು. ಈ ಧಂದೆಯಲ್ಲಿ ಸ್ವತಂತ್ರ ಅನ್ನೋದು ಹಾಡುಗಾರನಿಗೆ ಅಂಟೋ ಪದ, ಗಾಡಿ ಯಾರದ್ದು ಅಂತ ಐದೈದು ವರ್ಷಕ್ಕೊಂದ್ಸಲ ಬದಲಾಗ್ತಾ ಇರುತ್ತೆ. ಅದಕ್ಕೇ ಧಾರವಾಡದೋರಿಗೆ ಅಷ್ಟು ಒತ್ತಿ ಹೇಳಿದ್ದು, ರೆಕಾರ್ಡಿಂಗ್ ನಿಮ್ಮ ಹೆಸರಲ್ಲಿದ್ರೆ ಗಾಡಿ ಮಾರಾಟ ಆದಾಗ ನೀವು ನಿಮ್ಮ ಮೂಟೆ ಇಳಿಸ್ಕೊಂಡು ಇನ್ನೊಂದಕ್ಕೆ ಹತ್ಬಹುದು.

ಪ್ರಶ್ನೆ (ಶಿವಮೊಗ್ಗ): ಬಿಕಾಂ ಮುಗ್ಸಿ ಒಂದು ಸ್ಟುಡಿಯೋದಲ್ಲಿ ಕೆಲ್ಸ ಮಾಡ್ತಿದೀನಿ. ಕನ್ನಡಕ್ಕೆ ಅಂತಾನೇ ಇಂಥ ಒಂದು ಕಂಪ್ನಿ ಶುರು ಮಾಡ್ಬಹುದಾ ಸರ್? 500 ಡಾಲರ್ ನನ್ನ ಹತ್ರಾನೂ ಇದೆ!

ಉತ್ತರ: 500 ಡಾಲರ್ ಇಟ್ಕೊಂಡಿರು, ಆದ್ರೆ 1998 ಎಲ್ಲಿಂದ ತರ್ತೀಯಾ? ಆಗ ಆ ಜಾಗ ಖಾಲಿ ಇತ್ತು, ಈಗ ಸ್ಟೋರುಗಳು ಹೊಸ ಡಿಸ್ಟ್ರಿಬ್ಯೂಟರ್‌ನ ಸುಲಭಕ್ಕೆ ಒಳಗೆ ಬಿಡಲ್ಲ. ಮಾಹಿತಿ ಕಳ್ಸೋಕೆ ಡಿಡಿಇಎಕ್ಸ್ ಅಂತ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ, ನಕಲಿ ಪ್ಲೇ ಮಾಡ್ಸೋರನ್ನ ಹಿಡಿಯೋ ಜವಾಬ್ದಾರಿ ನಿನ್ನ ಮೇಲೆ, ಸ್ಟೋರಿಂದ ದುಡ್ಡು ಬರೋಕೆ ಮುಂಚೆನೇ ಹಾಡ್ದೋರು ಫೋನ್ ಮಾಡ್ತಾರೆ. ಸ್ಟೋರುಗಳೇ ಉಳಿಯಲ್ಲ ಕೆಲವೊಮ್ಮೆ, 2024ರಲ್ಲಿ ರೆಸ್ಸೋ ನಮ್ ದೇಶದಲ್ಲಿ ಅಂಗಡಿ ಮುಚ್ತು, ಅದೇ ವರ್ಷ ಏರ್‌ಟೆಲ್ ವಿಂಕ್‌ನ ಮುಚ್ತೀನಿ ಅಂತು.

ಹಾಗಂತ ಕೆಲ್ಸ ಇಲ್ಲ ಅಂತಲ್ಲ. ದೊಡ್ಡ ಡಿಸ್ಟ್ರಿಬ್ಯೂಟರ್ ಕೆಳಗೆ ಒಂದು ಲೇಬಲ್ ಅಕೌಂಟ್ ತೆಗೆದು, ನಿಮ್ಮ ಸ್ಟುಡಿಯೋಗೆ ಬರೋರ ಹಾಡನ್ನ ಅವರ ಹೆಸರಲ್ಲೇ ಹತ್ತಿಸಿಕೊಡು, ಒಂದೊಂದು ಹಾಡಿಗೆ ಇಷ್ಟು ಕೂಲಿ ಅಂತ ಮುಂಚೆನೇ ಹೇಳು, ಲೆಕ್ಕದ ಹಾಳೆ ತಿಂಗಳಿಗೊಂದ್ಸಲ ವಾಟ್ಸಾಪಲ್ಲಿ ಕಳ್ಸು. ಕನ್ನಡಕ್ಕೇ ಅಂತ ಒಬ್ಬ ಬೇಕಾಗಿರೋದು ಮುಖ್ಯವಾಗಿ ಹೆಸ್ರು ಬರೆಯೋ ಜಾಗದಲ್ಲಿ. ನನ್ನ ಅಕ್ಕನ ಮಗ ಹೋದ ವರ್ಷ ಒಂದು ಹಾಡು ಹಾಕಿದ, ಹೆಸ್ರು "ಮಳೆ". ಫಾರಂನಲ್ಲಿ ಕನ್ನಡ ಹಾಕೋ ಜಾಗ ಎಲ್ಲಿ ಅಂತ ಗೊತ್ತಾಗ್ದೆ ಇಂಗ್ಲಿಷಲ್ಲಿ ಎಂ, ಎ, ಎಲ್, ಇ ಅಂತ ಟೈಪ್ ಮಾಡ್ದ. ಮೇಲ್, ಅಂದ್ರೆ ಗಂಡಸು! ಮಳೆ ಹಾಡು ಅಂತ ಕನ್ನಡದಲ್ಲಿ ಹುಡುಕಿದೋರಿಗೆ ಸಿಗ್ಲೇ ಇಲ್ಲ. ಎರಡನೇ ಹಾಡು "ನೀನೇ", ಅದನ್ನ ಎನ್, ಐ, ಎನ್, ಇ ಅಂತ ಬರ್ದ, ಅದು ಒಂಬತ್ತಾಯ್ತು. ನಾನೇ ಕೂತು ಭಾಷೆ ಕನ್ನಡ ಅಂತ ಆರಿಸಿ, ಹೆಸ್ರು ಕನ್ನಡ ಲಿಪೀಲಿ ತಿದ್ದಿಸಿ, ಕಂಪ್ನಿಗೆ ನಾಲ್ಕು ಸಲ ಮೇಲ್ ಬರ್ಸಿ, ಹನ್ನೊಂದು ದಿನ ಆದ್ಮೇಲೆ ಗಂಡಸು ಮತ್ತೆ ಮಳೆ ಆದ. "ಮನೆ" ಅಂತ ಮೂರನೇ ಹಾಡು ರೆಡಿ ಇದೆಯಂತೆ, ಅಪ್‌ಲೋಡ್ ಮಾಡೋಕೆ ಮುಂಚೆ ನನಗೆ ಫೋನ್ ಮಾಡೋ ಅಂತ ಹೇಳಿದೀನಿ.